ನಿನ್ನ ಸೀಟು ಯಾರಿಗೂ ಕೊಟ್ಟಿಲ್ಲ

ಉಪೋಲು ದ್ವೀಪ, ತೆಂಕಣ ಕರಾವಳಿ
ಆಗಸ್ಟ್ 18, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಫಲನಿಕೋ,

ಮೊದಲು ಎಲ್ಲಾದರೂ ಕೂತುಕೋ. ಇದು ನಿಂತು ಓದುವ ಕಾಗದವಲ್ಲ. ಯಾರೂ ಸತ್ತಿಲ್ಲ, ಹೆದರಬೇಡ. ನಿನ್ನ ಅಮ್ಮ ಗಟ್ಟಿಯಾಗಿದ್ದಾಳೆ. ಇವತ್ತು ಇಗರ್ಜಿಯಿಂದ ಬಂದವಳೇ ತೆಂಗಿನಹಾಲಿನಲ್ಲಿ ಬೆಂದ ಕೆಸುವಿನೆಲೆಯನ್ನು ಎರಡು ಸಲ ಹಾಕಿಸಿಕೊಂಡು ಉಂಡು, ಈಗ ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದಾಳೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ಒಂದು ಹೇಳುವಷ್ಟರಲ್ಲಿ ನೀನು ನಾಲ್ಕು ಕೇಳುತ್ತೀಯ, ಅಷ್ಟರಲ್ಲಿ ನೀನು ದುಡಿಯುವ ಆಸ್ಟ್ರೇಲಿಯಾ ತೋಟದ ಸಿಗ್ನಲ್ ಹೋಗುತ್ತದೆ. ಮಂಗಳವಾರದ ವಿಮಾನಕ್ಕೆ ನಮ್ಮೂರ ಯೋವಾನೆ ಹೊರಟಿದ್ದಾನೆ, ನಿಮ್ಮ ತೋಟಕ್ಕೇ. ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಕಾಗದದ ನಡುವೆ ಬಾಯಿ ಹಾಕಲು ನಿನಗೆ ಬರುವುದಿಲ್ಲ, ಅದೇ ಇದರ ಗುಣ.

ನನಗೆ ಕೆಲಸ ಸಿಕ್ಕಿದೆ!

ಮಾರುಕಟ್ಟೆಯಲ್ಲಿ ಬನ್ನು ಮಾರುವಂಥದ್ದಲ್ಲ, ನಿಜವಾದ ಕೆಲಸ. ನಿನ್ನೆಗೆ ಹತ್ತು ದಿನ ಮುಗಿಯಿತು, ಖಾಯಂ ಆಯಿತು. ಬೆಳಗ್ಗೆ ಐದಕ್ಕೆ ಹೊರಡಬೇಕು. ಕೂತು ಮಾಡುವ ಕೆಲಸ. ನನಗೇ ಅಂತ ಒಂದು ಕಿಟಕಿ, ಒಂದು ಕೀಲಿ. ದಿನವೂ ಅಪಿಯಾ ಪೇಟೆಗೆ ಹೋಗಿಬರುವುದು. ಬನ್ನಿನ ವ್ಯಾಪಾರವನ್ನು ನಿನ್ನ ಅಮ್ಮನಿಗೆ ವಹಿಸಿದ್ದೇನೆ. ಅವಳು ಗಿರಾಕಿಗಳನ್ನು ಬೈದು ಬೈದು ನನಗಿಂತ ಹೆಚ್ಚು ಮಾರುತ್ತಾಳೆ.

ನಿನ್ನ ಹುಬ್ಬು ಏರಿತು ಅಂತ ಕಾಣುತ್ತದೆ. ಏರಲಿ. ನೀನು ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಕೊನೆಯದಾಗಿ ಏನು ಹೇಳಿದೆ? ಹೆಂಡತಿಗೆ ಚೆನ್ನಾಗಿರು ಎನ್ನಲಿಲ್ಲ. "ಬಸ್ಸಿನ ನನ್ನ ಡ್ರೈವರ್ ಸೀಟು ಹುಷಾರು. ಯಾರಿಗೂ ಕೊಡಬೇಡ ಅಂತ ಯಾಕೋಪೋಗೆ ಹೇಳು" ಅಂದೆ. ಆ ಮಾತನ್ನು ಅಕ್ಷರ ಬಿಡದೆ ಪಾಲಿಸಿದ್ದೇನೆ. ಯಾರಿಗೂ ಕೊಡಲಿಲ್ಲ. ನಾನೇ ಕೂತೆ.

ಈಗ ನೀರು ಕುಡಿದು ಮುಂದಕ್ಕೆ ಓದು.

ಆರು ತಿಂಗಳು ಅಂತ ಹೋದವನು ಒಂಬತ್ತು ಮಾಡಿದೆ, ಒಂಬತ್ತನ್ನು ಹದಿನಾಲ್ಕು ಮಾಡಿದೆ. ಎರಡು ಸಲವೂ ಮುಂದುವರಿಸಿದ ಮೇಲೆ ತಿಳಿಸಿದೆಯೇ ಹೊರತು ಮುಂಚೆ ಕೇಳಲಿಲ್ಲ. ನೀನು ಬರುವ ತನಕ ಅಂತ ಓಡಿಸುತ್ತಿದ್ದ, ಬಸ್ಸಿನ ಯಜಮಾನ ಯಾಕೋಪೋ ಅಜ್ಜನ ಅಳಿಯನೂ ಜುಲೈಯಲ್ಲಿ ಹಣ್ಣು ಕೀಳಲು ನ್ಯೂಜಿಲೆಂಡಿಗೆ ಹೊರಟುಬಿಟ್ಟ. ಊರಿನಲ್ಲಿ ಸ್ಟೇರಿಂಗ್ ಹಿಡಿಯಬಲ್ಲ ಗಂಡಸರನ್ನು ನಾನು ಬೆರಳು ಮಡಚಿ ಎಣಿಸಿದೆ: ಒಬ್ಬನಿಗೆ ಕಣ್ಣಿನ ಪೊರೆ, ಒಬ್ಬನಿಗೆ ಮಧ್ಯಾಹ್ನದ ಮೇಲೆ ಬಿಯರು, ಇನ್ನೊಬ್ಬರು ಪಾದ್ರಿಗಳು. ಯಾಕೋಪೋ ಅಜ್ಜನ ಅಂಗಳಕ್ಕೆ ಹೋಗಿ ನಿಂತೆ. ನನ್ನ ಹತ್ತಿರ ದೊಡ್ಡ ಗಾಡಿಯ ಲೈಸೆನ್ಸ್ ಇತ್ತು. ಹೌದು, ಇತ್ತು. ಮಾರ್ಚ್‌ನಲ್ಲಿ ಹಲ್ಲು ಕೀಳಿಸಲು ಎರಡು ಸಲ ಪೇಟೆಗೆ ಹೋಗಿದ್ದೆ ಅಂದೆನಲ್ಲ? ಹಲ್ಲು ಎಲ್ಲವೂ ಇವೆ. ಮೊದಲನೆಯ ಸಲ ರಿವರ್ಸ್‌ನಲ್ಲಿ ಫೇಲಾಗಿದ್ದೆ.

ಅಜ್ಜ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಕಾಲು ಎಟುಕುತ್ತೇನೇ?" ಅಂದ. "ಎಟುಕದಿದ್ರೆ ಎಟುಕಿಸ್ಕೋತೀನಿ" ಅಂದೆ. "ಹತ್ತು ದಿನ ನೋಡೋಣ. ನಮ್ಮಕ್ಕ ಒಂದೇ ಒಂದು ಸಲ ದೂರು ಹೇಳಿದ್ಲೋ, ಕೀಲಿ ವಾಪಸ್" ಅಂದ.

ಅವನ ಅಕ್ಕ ಎಂದರೆ ಸಿನಪಾತಿ ಅಜ್ಜಿ. ಬಾಗಿಲಿನ ಹಿಂದಿನ ಮೊದಲನೇ ಸೀಟು, ಬೀಸಣಿಗೆ, ಮತ್ತು ಆ ನಾಲಿಗೆ. ನೀನೇ ಹನ್ನೊಂದು ವರ್ಷ ಕನ್ನಡಿಯಲ್ಲಿ ಅವಳ ಮುಖ ನೋಡಿ ಗೇರ್ ಬದಲಿಸಿದವನು, ನಿನಗೆ ನಾನು ಹೇಳಬೇಕೇ.

ಮೊದಲ ದಿನ ಕಾಲು ಎಟುಕಲಿಲ್ಲ. ನಿನ್ನ ಆ ಉದ್ದ ಕಾಲುಗಳಿಗೆ ಹಿಂದಕ್ಕೆ ತಳ್ಳಿದ ಸೀಟು ಅಲ್ಲೇ ತುಕ್ಕು ಹಿಡಿದು ಕೂತಿದೆ. ಮಲಗುವ ಚಾಪೆ ಸುರುಳಿ ಸುತ್ತಿ ಬೆನ್ನಿಗೆ ಕೊಟ್ಟುಕೊಂಡೆ. ಘಾಟಿಯ ಏರಿನಲ್ಲಿ ಸುರುಳಿ ಜಾರಿತು, ನಾನೂ ಜಾರಿದೆ. ಹಿಂದಿನಿಂದ ಅಜ್ಜಿ, "ಡ್ರೈವರ್ ಎಲ್ಹೋದ್ಲು? ತಲೇನೇ ಕಾಣ್ತಿಲ್ವಲ್ಲ!" ಅಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಅದು ದೂರಲ್ಲ, ಪ್ರಶ್ನೆ ಎಂದು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅದಕ್ಕಿಂತ ದೊಡ್ಡದು ಪೇಟೆ ಮುಟ್ಟಿದ ಮೇಲೆ ಆಯಿತು. ಹದಿನಾಲ್ಕು ವರ್ಷದ ಅಭ್ಯಾಸ ನೋಡು. ಮಾರುಕಟ್ಟೆ ಬಂದ ಕೂಡಲೇ ಬಸ್ಸು ನಿಲ್ಲಿಸಿದೆ, ಎಲ್ಲರಿಗಿಂತ ಮುಂಚೆ ಇಳಿದೆ, ನನ್ನ ಬನ್ನಿನ ಕಟ್ಟೆಯ ಕಡೆಗೆ ನಡೆಯತೊಡಗಿದೆ. ಎಂಜಿನ್ ಗುಡುಗುಡು ಅನ್ನುತ್ತಲೇ ಇದೆ. ಇಳಿಯುವಾಗ ಡ್ರೈವರ್ ಕೈಗೆ ಚಾರ್ಜು ಕೊಡಬೇಕಾದ ಜನ ಕೈಯಲ್ಲಿ ಚಿಲ್ಲರೆ ಹಿಡಿದುಕೊಂಡು ಸಾಲಾಗಿ ನಿಂತಿದ್ದಾರೆ. ಬೇರೆ ಗಾಡಿಯಲ್ಲಿ ಮುಂಚೆಯೇ ಬಂದು ಕಟ್ಟೆಯಲ್ಲಿದ್ದ ನಿನ್ನ ಅಮ್ಮ ಕೂಗಿದಳು: "ಏಯ್ ಫುವಾತಿನೋ! ಏನೋ ಮರೆತು ಬಂದಿದೀಯ ನೋಡು, ದೊಡ್ಡದು!"

ಹತ್ತು ದಿನದಲ್ಲಿ ಏಳು ಅವಾಂತರ ಆದವು. ಬಾಗಿಲಿಗೆ ನಾನು ಸುತ್ತಿಕೊಂಡ ಲುಂಗಿಯ ಅಂಚು ಸಿಕ್ಕಿಕೊಂಡದ್ದು, ವೈಪರ್ ಕಿತ್ತು ಬಂದದ್ದು, ಯಾರದೋ ಹಂದಿಮರಿ ಎಂಜಿನ್ನಿನ ಪಕ್ಕದಲ್ಲಿ ಬಂದು ಮಲಗಿದ್ದು. ಎಲ್ಲ ಬರೆದರೆ ಯೋವಾನೆಯ ಚೀಲ ಭಾರವಾಗುತ್ತದೆ. ಆದರೆ ಫಲನಿಕೋ, ಆ ಕಿಟಕಿಯಿಂದ ಬೆಳಗಿನ ಸಮುದ್ರ ಹೇಗೆ ಕಾಣುತ್ತದೆ ಅಂತ ನೀನು ಯಾಕೆ ಒಂದು ದಿನವೂ ನನಗೆ ಹೇಳಲಿಲ್ಲ? ಇಷ್ಟು ವರ್ಷ ಹಿಂದೆ ಕೂತು ನಾನು ನೋಡಿದ್ದು ನಿನ್ನ ಕುತ್ತಿಗೆಯನ್ನು.

ಒಂದು ವಿಷಯದಲ್ಲಿ ಮಾತ್ರ ನಿನ್ನನ್ನು ಮೀರಿಸಿದ್ದೇನೆ, ಜಂಬ ಅಂದರೂ ಪರವಾಗಿಲ್ಲ. ಮೂವತ್ತಮೂರು ಸೀಟಿಗೆ ಶುಕ್ರವಾರ ಐವತ್ತೆಂಟು ಜನ. ನಿನ್ನ ಕಾಲದಲ್ಲಿ ಸಿಕ್ಕ ತೊಡೆಯ ಮೇಲೆ ಸಿಕ್ಕವರು ಕೂರುತ್ತಿದ್ದರು. ನಾನು ಇದೇ ಜನಕ್ಕೆ ವರ್ಷಗಟ್ಟಲೆ ಬನ್ನು ಮಾರಿದವಳು. ಯಾರ ತೂಕ ಎಷ್ಟು, ಯಾರ ಮೊಣಕಾಲು ನೋವು, ಯಾರ ಮಗಳ ಮದುವೆಯ ಮಾತು ಯಾರ ಮನೆಯಲ್ಲಿ ಮುರಿಯಿತು, ಎಲ್ಲ ತಲೆಯಲ್ಲಿದೆ. ಹತ್ತುವಾಗಲೇ ಹೇಳಿಬಿಡುತ್ತೇನೆ: "ನೀನು ಅತ್ತೆ ಹತ್ರ ಹೋಗ್ಬೇಡ, ಮೂರನೇ ಸಾಲಿನ ಚಿಕ್ಕಮ್ಮನ ತೊಡೆ ಮೇಲೆ ಕೂತ್ಕೋ." ಒಬ್ಬರೂ ನಿಲ್ಲುವುದಿಲ್ಲ, ಒಬ್ಬರೂ ಮುಖ ತಿರುಗಿಸುವುದಿಲ್ಲ. ನಾಲ್ಕನೇ ದಿನ ಸಿನಪಾತಿ ಅಜ್ಜಿ ಬೀಸಣಿಗೆ ನಿಲ್ಲಿಸಿ ಹಿಂದೆ ತಿರುಗಿ ಇಡೀ ಬಸ್ಸನ್ನು ನೋಡಿದಳು. ಏನೂ ಅನ್ನಲಿಲ್ಲ. ಅವಳು ಏನೂ ಅನ್ನದೇ ಇದ್ದದ್ದು ನೀನು ಕಂಡಿದ್ದೀಯಾ?

ಹಾಗಾಗಿ ಒಂಬತ್ತನೇ ದಿನ, ಶುಕ್ರವಾರ, ನಾನು ಗೆದ್ದೇ ಬಿಟ್ಟೆ ಅಂದುಕೊಂಡಿದ್ದೆ.

ಪೇಟೆಯಿಂದ ಬರುವಾಗ ಟೈರು ಪಂಕ್ಚರ್. ಎಲ್ಲರನ್ನೂ ಇಳಿಸಿ, ಜ್ಯಾಕ್ ಕೊಟ್ಟು, ಚಕ್ರ ಬದಲಿಸಿ ಹೊರಡುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ವೈತೋಲು ಊರಿನ ಅಂಚಿಗೆ ಬಂದದ್ದೂ, ಅಲ್ಲಿ ಸಂಜೆಯ ಪ್ರಾರ್ಥನೆಗೆ ಶಂಖ ಊದಿದ್ದೂ ಒಂದೇ ಆಯಿತು. ಆ ಊರಿನ ಬಿಗಿ ನಿನಗೆ ಗೊತ್ತು. ಶಂಖ ಊದಿದ ಮೇಲೆ ಅಲ್ಲಿ ಕೋಳಿ ಕೂಡ ರಸ್ತೆ ದಾಟುವುದಿಲ್ಲ. ದೊಣ್ಣೆ ಹಿಡಿದ ಕಾವಲಿನವರು ರಸ್ತೆಗೆ ಅಡ್ಡ ನಿಂತಿದ್ದರು. ನಾನು ನಿಯಮದಂತೆ ಬಸ್ಸು ನಿಲ್ಲಿಸಿದೆ, ಎಂಜಿನ್ ಆರಿಸಿದೆ. ಮನೆಮನೆಯಲ್ಲಿ ಜನ ತಲೆ ತಗ್ಗಿಸಿ ಕೂತಿದ್ದಾರೆ. ಎಲೆ ಅಲ್ಲಾಡಿದರೆ ಕೇಳಬೇಕು, ಅಂಥ ಮೌನ.

ಆಗ ಹಾರ್ನ್ ಹೊಡೆದುಕೊಳ್ಳಲು ಶುರುವಾಯಿತು.

ನಾನು ಮುಟ್ಟಿಲ್ಲ! ತಾನಾಗಿಯೇ, ಉಸಿರು ಬಿಡದೆ, ಗಂಟಲು ಹರಿಯುವ ಹಾಗೆ. ಅದನ್ನು ಗುದ್ದಿದೆ, ಒತ್ತಿದೆ, ಬೇಡಿಕೊಂಡೆ. ಸ್ಟೇರಿಂಗ್ ಕೆಳಗೆ ಕೈ ಹಾಕಿ ಸಿಕ್ಕ ತಂತಿ ಕಿತ್ತೆ. ಹಾರ್ನ್ ನಿಂತಿತು, ಅದರ ಬದಲು ಹಾಡು ಹೊತ್ತಿಕೊಂಡಿತು. ಯಾವ ಹಾಡು? ನೀನು ಘಾಟಿ ಇಳಿಯುವಾಗ ಹಾಕುತ್ತಿದ್ದೆಯಲ್ಲ, ಸೊಂಟ ಕುಣಿಸುವ ಆ ಹಾಡು, ಪೂರ್ತಿ ಜೋರಾಗಿ! ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕುಬಿಟ್ಟರು. "ಬಾಯ್ಮುಚ್ರೋ!" ಎಂದು ಅಜ್ಜಿ ಗದರಿದ್ದು ಹಾಡಿಗಿಂತ ಜೋರಾಗಿತ್ತು. ಇನ್ನೊಂದು ತಂತಿ ಕಿತ್ತೆ, ಗಟ್ಟಿಯಾದ ಚ್ಯೂಯಿಂಗ್ ಗಮ್ ಅದರ ಜೊತೆಗೇ ಬಂತು. ಎಲ್ಲ ನಿಂತಿತು. ನನ್ನ ಕೆಲಸವೂ ಅಲ್ಲಿಗೇ ನಿಂತಿತು ಅಂದುಕೊಂಡೆ. ತಂತಿ ಹುಡುಕುವವಳಂತೆ ತಲೆಯನ್ನು ಸ್ಟೇರಿಂಗ್ ಕೆಳಗೇ ಅಡಗಿಸಿಕೊಂಡೆ. ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ.

ಆ ಮೌನದಲ್ಲಿ ಸಿನಪಾತಿ ಅಜ್ಜಿ ಒಂದು ಕೀರ್ತನೆ ಎತ್ತಿಕೊಂಡಳು, ಮೆಲ್ಲಗೆ. ಇಳಿಯುವ ಹಾಗಿಲ್ಲ, ಅಲ್ಲಾಡುವ ಹಾಗಿಲ್ಲ. ಒಬ್ಬರ ತೊಡೆಯ ಮೇಲೆ ಒಬ್ಬರು ಕೂತ ಐವತ್ತೆಂಟು ಜನ ಹಾಗೆ ಕೂತಲ್ಲೇ ಹಾಡಿದರು. ಗಂಡಸರು ಹಿಂದಿನಿಂದ ಕೆಳದನಿ ಹಿಡಿದರು. ಪ್ರಾರ್ಥನೆ ಮುಗಿದ ಮೇಲೆ ಅಲ್ಲಿನ ಮುಖಂಡ ಪೌಲೋ ಬಂದು ಕಿಟಕಿಯ ಹತ್ತಿರ ನಿಂತ.

"ಏನಮ್ಮಾ, ದೇವ್ರಿಗೆ ಕಿವಿ ಕೇಳ್ಸಲ್ಲ ಅಂದ್ಕೊಂಡ್ಯಾ?"

"ತಪ್ಪಾಯ್ತು ಯಜಮಾನ್ರೇ."

"ಕೊನೇದು ಕೀರ್ತನೆ, ಒಪ್ಕೊಂಡೆ. ಅದಕ್ಕೆ ಮುಂಚೆ ಹಾಡಿದ್ದು ಯಾವ ಪುಸ್ತಕದ್ದು?" ಅಂದ. ನಗಲಿಲ್ಲ. ನಾಳೆ ಬೆಳಗ್ಗೆ ಊರ ಸಭೆಗೆ ಬನ್ನಿ, ಅಲ್ಲಿಯವರೆಗೆ ಈ ಬಸ್ಸು ವೈತೋಲು ದಾಟುವ ಹಾಗಿಲ್ಲ ಎಂದು ಹೇಳಿ, ಮನೆ ಸೇರಿಕೊಳ್ಳಲು ಆ ಒಂದು ಸಲ ಬಿಟ್ಟ. ಪೇಟೆಗೆ ಹೋಗಲು ನಮಗೆ ಬೇರೆ ದಾರಿ ಎಲ್ಲಿದೆ? ಯಾಕೋಪೋ ಅಜ್ಜ ವಿಷಯ ಕೇಳಿದ. ಕೈ ಚಾಚಿದ. ಕೀಲಿ ಕೊಟ್ಟು ಮನೆಗೆ ನಡೆದೆ.

ನಿನ್ನೆ ಬೆಳಗ್ಗೆ ವೈತೋಲುವಿನ ಸಭಾಮನೆ. ಕಂಬಕ್ಕೊಬ್ಬರಂತೆ ಮುಖಂಡರು. ಯಾಕೋಪೋ ಅಜ್ಜ ಮುಂದೆ, ಸಿನಪಾತಿ ಅಜ್ಜಿ ಮತ್ತು ನಾನು ಹಿಂದೆ. ಅಜ್ಜ ಕ್ಷಮೆ ಕೇಳಲು ಶುರುಮಾಡಿದ. ಎರಡೂ ಊರಿನ ಪೂರ್ವಜರು ಬಂದ ದೋಣಿಗಳ ಕಥೆಯಿಂದ ಹೊರಟವನು ಹಾರ್ನಿಗೆ ಬಂದು ಮುಟ್ಟಲು ಅರ್ಧ ಗಂಟೆ. ಎಲ್ಲ ಕೇಳಿ ಪೌಲೋ ಅಂದ: "ಬಸ್ಸು ತಪ್ಪು ಮಾಡಲ್ಲ. ಕೈ ತಪ್ಪು ಮಾಡುತ್ತೆ. ಯಾರ ಕೈ?"

ಆಗ ಸಿನಪಾತಿ ಅಜ್ಜಿ ಹೇಳಿಬಿಟ್ಟಳು. ಹಾರ್ನಿನ ತಂತಿ, ಹಾಡಿನ ತಂತಿ ಎರಡನ್ನೂ ಒಟ್ಟಿಗೆ ಹೊಸೆದು, ಮೇಲೆ ಚ್ಯೂಯಿಂಗ್ ಗಮ್ ಮೆತ್ತಿದ್ದು ಫಲನಿಕೋ, ಜ್ಯಾಕ್ ಏರಿಸಿ ಇಳಿಸುವಾಗ ಅದು ಸಡಿಲವಾಯಿತು ಎಂದು. "ಆ ಕೈ ಈಗ ಆಸ್ಟ್ರೇಲಿಯಾದಲ್ಲಿ ದೊಣ್ಣೆ ಮೆಣಸಿನಕಾಯಿ ಕೀಳ್ತಿದೆ" ಎಂದಳು. ಮೊದಲು ನಕ್ಕವನು ಪೌಲೋ. ಆಮೇಲೆ ಕಂಬಗಳೆಲ್ಲ ನಕ್ಕವು.

ತೀರ್ಮಾನ ಇಷ್ಟು: ಬಸ್ಸು ಓಡಬಹುದು. ಡ್ರೈವರ್ ಹೆಂಗಸು ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದ್ದಾಳೆ, ಅವಳದು ತಪ್ಪಿಲ್ಲ. ಫಲನಿಕೋ ಮಾತ್ರ ತಾನೇ ಬಂದು ಇದೇ ಚಾಪೆಯ ಮೇಲೆ ಕೂತು ತಪ್ಪಾಯಿತು ಅನ್ನುವವರೆಗೆ ವೈತೋಲುವಿನಲ್ಲಿ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ.

ಹೊರಗೆ ಬಂದ ಮೇಲೆ ಯಾಕೋಪೋ ಅಜ್ಜ ಅಕ್ಕನ ಮುಖ ನೋಡಿದ. "ಏನಾದ್ರೂ ದೂರು ಇದ್ಯಾ?" ಅಂದ. "ಇದೆ" ಅಂದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಇವಳು ಬಂದ್ಮೇಲೆ ನನ್ನ ತೊಡೆ ಮೇಲೆ ಬರೀ ಸಣಕಲರನ್ನೇ ಕೂರಿಸ್ತಾಳೆ. ಮೂಳೆ ಚುಚ್ಚುತ್ತೆ." ಅಜ್ಜ ಕೀಲಿ ತೆಗೆದು ನನ್ನ ಕೈಗಿಟ್ಟ. "ದಿನಾ ಸಂಜೆ ನಮ್ಮನೆಗೆ ತಂದ್ಕೊಡೋದು ಬೇಡ. ನಿನ್ನ ಹತ್ರಾನೇ ಇರ್ಲಿ" ಅಂದ.

ಈಗ ಅದು ಈ ಕಾಗದ ಹಾರದಂತೆ ಅದರ ಮೇಲೆ ಕೂತಿದೆ. ನೀನು ಡಿಸೆಂಬರಿಗೆ ಬರುತ್ತೇನೆ ಅಂದಿದ್ದೀಯ. ಈ ಸಲ ಮುಂದೂಡಬೇಡ. ವಿಮಾನ ನಿಲ್ದಾಣಕ್ಕೆ ಬಸ್ಸು ತರುತ್ತೇನೆ. ನಿನ್ನ ಅಮ್ಮ ಎದ್ದಳು. ಏನು ಬರೆಯುತ್ತಿದ್ದೀಯೆ ಅಂತ ಕೇಳಿದಳು, ಹೇಳಿದೆ. "ಅವನಿಗಿಂತ ನೀನು ಮೆತ್ತಗೆ ಬ್ರೇಕ್ ಹಾಕ್ತೀಯ, ಅದನ್ನೂ ಬರಿ" ಅಂದಳು. ಬರೆದಿದ್ದೇನೆ.

ನಿನ್ನನ್ನು ದಿನಕ್ಕೆ ಎರಡು ಸಲ, ಘಾಟಿಯ ಮೇಲೆ ಮತ್ತು ಘಾಟಿಯ ಕೆಳಗೆ ನೆನೆಯುವ,
ಫುವಾತಿನೋ

ಮರೆತ ಮಾತು: ಸಭೆಯಲ್ಲಿ ಸಿನಪಾತಿ ಅಜ್ಜಿ ನಿನ್ನ ಹೆಸರು ಹೇಳಿದಳು ಎಂದು ಬರೆದೆ. ಅಜ್ಜಿ ತಲೆಯಾಡಿಸಿದಳು ಅಷ್ಟೆ. ಹೇಳಿದ್ದು ನಾನು. ಮೆಣಸಿನಕಾಯಿಯ ಮಾತೂ ನನ್ನದೇ. ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು ಕಾಗದ ಮಡಿಚಿದವಳು ಮತ್ತೆ ಬಿಚ್ಚಿದೆ. ನೀನು ಬಂದ ಮೇಲೆ ಆ ಚಾಪೆಯ ಮೇಲೆ ನಿನ್ನ ಪಕ್ಕದಲ್ಲಿ ನಾನೂ ಕೂರುತ್ತೇನೆ, ಆಣೆ ಮಾಡುತ್ತೇನೆ. ಯಾವತ್ತು ಎಂದು ಮಾತ್ರ ಇನ್ನೂ ಯೋಚಿಸಿಲ್ಲ. ಇನ್ನೊಂದು. ನಿನ್ನೆ ಸಂಜೆಯೇ ವೆಲ್ಡಿಂಗ್‌ನವನನ್ನು ಕರೆಸಿ ಸೀಟನ್ನು ಒಂದು ಗೇಣು ಮುಂದಕ್ಕೆ ಎಳೆಸಿ ಬೆಸೆಸಿದ್ದೇನೆ. ಇನ್ನು ಅಲ್ಲಿ ನಿನ್ನ ಮೊಣಕಾಲು ಹಿಡಿಸುವುದಿಲ್ಲ. ಡಿಸೆಂಬರಿನಲ್ಲಿ ಬಸ್ಸು ತುಂಬಿರುತ್ತದೆ, ಆದರೆ ನೀನು ಚಿಂತೆ ಮಾಡಬೇಡ: ನಿನಗೆ ಯಾರ ತೊಡೆ ಎಂದು ಈಗಲೇ ಗೊತ್ತುಮಾಡಿಟ್ಟಿದ್ದೇನೆ.