ಬೆವರಿನ ಲೆಕ್ಕ

ಮಾರ್ಚ್ ೧೨, ಬುಧವಾರ

ಮಂಡಿಯ ಆಪರೇಷನ್ ಮತ್ತೆ ಮುಂದಕ್ಕೆ ಹೋಯಿತು. ಮೊದಲು ಹತ್ತು ಕಿಲೋ ಇಳಿಸಿ ಎಂದಿದ್ದರು ಡಾಕ್ಟರು. ಮನೆಯ ತೂಕದ ಮೆಷಿನ್ನಿನಲ್ಲಿ ಹತ್ತೂ ಇಳಿದಿತ್ತು. ಆಸ್ಪತ್ರೆಯದರಲ್ಲಿ ಬರೀ ಎಂಟು!

"ಮನೇಲಿ ಯಾವಾಗ ತೂಕ ನೋಡ್ತೀರ?" ಎಂದಳು ನರ್ಸ್ ಅನ್ನೇಲಿ.

"ಶನಿವಾರ, ಸೌನಾದಲ್ಲಿ ಚೆನ್ನಾಗಿ ಬೆವರಿ ಹೊರಗೆ ಬಂದ ತಕ್ಷಣ."

ಇನ್ನೆಲ್ಲಿ ನೋಡಲಿ? ಮೆಷಿನ್ ಇರುವುದೇ ಸೌನಾದ ಬಿಸಿ ಹಬೆಕೋಣೆಯ ಬಾಗಿಲ ಪಕ್ಕ, ಅಮ್ಮನ ಕಾಲದಿಂದಲೂ.

ಅವಳು ನಕ್ಕೇಬಿಟ್ಟಳು. "ಅದು ಬೆವರು ಕಣ್ರೀ, ಕೊಬ್ಬಲ್ಲ. ಕಿಲೋ ಲೆಕ್ಕ ಬಿಡಿ. ನಿಮ್ಮ ಕೈಲಾಗೋ ಒಂದೇ ಒಂದು ಕೆಲಸನ ಗುರಿ ಮಾಡ್ಕೊಳ್ಳಿ." ನನಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದರೆ ಗಂಡ ವೇಯೊನ ಸಮಾಧಾನ: "ಅಳ್ಬೇಡ ಕಣೇ. ಈಗ್ಲೇ ಸೌನಾ ಕಾಯಿಸ್ತೀನಿ, ಆ ಎರಡು ಕಿಲೋನೂ ಹೋಗತ್ತೆ."

ಅವನ ಮೇಲೆ ರೇಗಾಡಿದೆ. ಆದರೆ ಪ್ರತಿ ಶನಿವಾರ ತೂಕದ ಮುಳ್ಳು ಇಳಿದ ಖುಷಿಗೆ, ಸೌನಾದ ಒಲೆಯಲ್ಲಿ ಸುಟ್ಟ ಮಾಂಸದ ಸಾಸೇಜು ಮೂರು ಮೂರು ತಿಂದವಳು ನಾನೇ ತಾನೆ?

ಹೊಸ ಗುರಿ: ಸಾಸೇಜು ಇಲ್ಲ. ಬರೆದೆ, ಹೊಡೆದುಹಾಕಿದೆ. ಯಾರಿಗೆ ಸುಳ್ಳು ಹೇಳುವುದು? ಶನಿವಾರಕ್ಕೆ ಒಂದೇ ಸಾಸೇಜು. ಇಷ್ಟು ಆಗುತ್ತದೆ.

ವೇಯೊಗೆ ಹೇಳಿದೆ. ಆ ಹಾಳಾದವನು ಕೇಳುತ್ತಾನೆ, "ಎಷ್ಟು ಉದ್ದದ್ದು?"