ರಕ್ಷಿತನ ಎಲೆಗೆ ನೀಲಿ ಅನ್ನ

ಜೂನ್ 14, ಶನಿವಾರ

ದೋಸೆ ಆಯಿತು. ಚಟ್ನಿಗೆ ಕಾಯಿ ಸಾಕಾಗಲಿಲ್ಲ, ನೀರು ಹಾಕಿ ಉದ್ದ ಮಾಡಿದೆ. ಯಾರೂ ಕೇಳಲಿಲ್ಲ. ಈ ಮನೆಯಲ್ಲಿ ಈಗ ಉಪ್ಪು ಹಾಕದಿದ್ದರೂ ಕೇಳುವವರಿಲ್ಲ.

ಬೆಳಿಗ್ಗೆ ಎದ್ದವಳೇ ಮೊದಲು ಮಾಡುವ ಕೆಲಸ — ಮುಚ್ಚಿಟ್ಟ ತಟ್ಟೆಯ ಅನ್ನ ಕೋಳಿಗೆ ಹಾಕುವುದು. ಸೊಸೆ ವೇದಾವತಿ ದಿನಾ ಸಂಜೆ ಮಗನಿಗೆಂದು ಬಡಿಸಿ ಇಡುತ್ತಾಳೆ. ಸ್ಟೀಲ್ ತಟ್ಟೆ, ಮೇಲೊಂದು ತಟ್ಟೆ, ಪಕ್ಕದಲ್ಲಿ ನೀರು. ಹುಡುಗ ಹೋಗಿ ವರ್ಷವಾಗುತ್ತ ಬಂತು. ಕೋಳಿಗಳು ದಪ್ಪವಾಗಿವೆ.

ಮೊಮ್ಮಗ ರಕ್ಷಿತ್. ಪಿಯುಸಿ ಎರಡನೇ ವರ್ಷ. ಕಳೆದ ಆಟಿ ತಿಂಗಳ ಜಡಿಮಳೆಯಲ್ಲಿ ನಮ್ಮ ಮಂಡೆಕೋಲಿನ ಹೊಳೆಗೆ ಕಟ್ಟಿದ ಕಿಂಡಿ ಅಣೆಕಟ್ಟು ದಾಟುವಾಗ ಕಾಲು ಜಾರಿತು. ಹಿಂದೆಯೇ ಬರುತ್ತಿದ್ದ ಅವನ ದೋಸ್ತಿ ಅಫ್ರೀದ್ ಕಣ್ಣಾರೆ ಕಂಡ. ಹೆಣ ಸಿಗಲಿಲ್ಲ. ಹೊಳೆ ಇಲ್ಲಿಂದ ಕೇರಳಕ್ಕೆ ಹೋಗುವುದು. ಮಗ ಅಚ್ಚುತ ಜೀಪು ತೆಗೆದುಕೊಂಡು ಸಮುದ್ರದವರೆಗೂ ಹುಡುಕಿದ. ಈಗ ನಿಲ್ಲಿಸಿದ್ದಾನೆ, ಪುನಃ ಸುಳ್ಯಕ್ಕೆ ಬಾಡಿಗೆ ಓಡಿಸುತ್ತಾನೆ. ವೇದಾವತಿ ಮಾತ್ರ... ಕಣ್ಣಲ್ಲಿ ಕಾಣದೆ ಸತ್ತ ಅನ್ನಬೇಡಿ ಅನ್ನುತ್ತಾಳೆ.

ಒಮ್ಮೆ ಅಂದುಬಿಟ್ಟೆ, "ಕೋಳಿಗೆ ಬಡಿಸುದಾದ್ರೆ ನೇರ ಕೋಳಿಗೇ ಬಡಿಸು" ಅಂತ. ಸೌಟು ಕೆಳಗಿಟ್ಟು ಒಳಗೆ ಹೋದಳು. ಎಷ್ಟೋ ದಿನ ಮಾತಿಲ್ಲ. ಅಂದಿನಿಂದ ಬಾಯಿಗೆ ಬಂದದ್ದನ್ನು ಈ ನೋಟ್ ಪುಸ್ತಕದಲ್ಲಿ ಬರೆಯುವುದು. ಐದನೇ ಕ್ಲಾಸಿನ ಅಕ್ಷರ. ಯಾರೂ ಓದಬೇಕಾಗಿಲ್ಲ.

ಜೂನ್ 22, ಆದಿತ್ಯವಾರ

ಗಂಡನ ತಮ್ಮ ಜತ್ತಪ್ಪ ಬಂದಿದ್ದ. ಕುಟುಂಬದ ಹಿರಿಯ ಈಗ ಅವನೇ. ಹಲ್ಲು ಹೋದ ಮೇಲೆ ಮಾತಿಗೆ ತಡೆಯೇ ಇಲ್ಲ.

"ಈ ಆಟಿಯಲ್ಲಿ ಹುಡುಗನಿಗೆ ಎಲೆ ಹಾಕ್ಲೇಬೇಕು ಅತ್ತಿಗೆ. ಸತ್ತವರಿಗೆ ಬಡಿಸದಿದ್ರೆ ಹಸಿದು ತಿರುಗ್ತಾರೆ."

ವೇದಾವತಿ ಚಾ ತಂದಿಟ್ಟಳು. "ಯಾರು ಸತ್ತದ್ದು ಮಾವ?"

ಅರ್ಧ ಚಾ ಬಿಟ್ಟು ಎದ್ದ. ಬಿಸ್ಕುಟು ಮುಟ್ಟಲಿಲ್ಲ. ಜತ್ತಪ್ಪ ಬಿಸ್ಕುಟು ಬಿಟ್ಟದ್ದು ನಾನು ಕಂಡಂತೆ ಇದೇ ಮೊದಲು.

ಆದರೆ ಅವನು ಹೇಳಿದ್ದು ಸುಳ್ಳಲ್ಲ. ಆಟಿಯಲ್ಲಿ ಸತ್ತವರಿಗೆ ಅವರವರ ಇಷ್ಟದ್ದು ಎಲೆಯಲ್ಲಿ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಹಾಕಿ ಹೊರಗೆ ಕೂರಬೇಕು. ಅವರು ಉಂಡ ಮೇಲೆ ನಾವು ಉಣ್ಣುವುದು. ನನ್ನ ಗಂಡನಿಗಾದರೆ ಸುಲಭ — ಕೋಳಿ, ರೊಟ್ಟಿ, ಒಂದು ಗ್ಲಾಸು ಕಳ್ಳು. ಈ ಹುಡುಗನಿಗೆ ಎಂತ ಬಡಿಸುವುದು? ಮನೆಯ ಊಟ ಮೂಸಿ ನೋಡುತ್ತಿದ್ದ. ಅವನ ಆಸೆ ಎಲ್ಲ ಟಿ.ವಿ.ಯ ಒಳಗಿನ ಊಟದ ಮೇಲೆ.

ಪುತ್ತೂರಿನಿಂದ ಸೆಕೆಂಡ್ ಹ್ಯಾಂಡ್ ಗೇಮಿನ ಡಬ್ಬಿ ತಂದಿದ್ದ. ಅದರೊಳಗೆ ಒಂದು ಲೋಕ. ಬೆಂಕಿ ಉಗುಳುವ ಹಾವು, ಮಾತಾಡುವ ಮರ, ಮಂಜಿನ ಗುಡ್ಡ. ನಡುನಡುವೆ ಒಲೆ ಹೂಡಿ ಅಡಿಗೆ ಮಾಡಬೇಕು, ತಿಂದರೆ ಜೀವ ತುಂಬುವುದು. ಆಡುವವರ ಮುಖ, ಕೂದಲು ನಾವೇ ಮಾಡಿಕೊಳ್ಳಬಹುದಂತೆ. ಇವನು ಮಾಡಿದ್ದು ಒಬ್ಬ ಮುದುಕಿಯನ್ನು. ಬಿಳಿ ಕೂದಲು, ಕೈಯಲ್ಲಿ ಕೊಡಲಿ.

"ಅಜ್ಜಿ, ಇದು ನೀವು. ಕೊಡಲಿ ಸುಮ್ಮನೆ. ಬಾಯಿ ಬಿಟ್ರೆ ಸಾಕು, ಅರ್ಧ ರಾಕ್ಷಸರು ಸಾಯ್ತಾರೆ."

ಸೊಂಟ ಯಾಕೆ ಬಗ್ಗಿಸಿದ್ದು ಎಂದು ಜಗಳ ಮಾಡಿದ್ದೆ. ನನ್ನದು ನೆಟ್ಟಗುಂಟು.

ಅದರಲ್ಲಿನ ಮೂರು ತಿಂಡಿ ನಿಜಕ್ಕೂ ಮಾಡಿ ಕೊಡಿ ಎಂದು ಬೆನ್ನು ಬಿದ್ದಿದ್ದ. ಆಟಿಯಲ್ಲಿ ಕೆಸು ಬರಲಿ ಮಾರಾಯ, ಮಾಡುವ — ಅಂದಿದ್ದೆ. ಕೆಸು ಬಂತು.

ಜೂನ್ 29, ಆದಿತ್ಯವಾರ

ಟಿ.ವಿ.ಯ ಮೇಲಿನ ಬಟ್ಟೆ ತೆಗೆಸಿದೆ. ಮೊಮ್ಮಗಳು ಪ್ರೀತಿಕಾ ಆಟ ಹಾಕಿದಳು. ಅಣ್ಣ ಬಿಟ್ಟಲ್ಲೇ ಮುದುಕಿ ನಿಂತಿದ್ದಳು. ಗುಹೆಯ ಬಾಯಲ್ಲಿ, ಒಲೆಯ ಪಕ್ಕ. ಒಂದು ವರ್ಷ ಅಲ್ಲೇ ನಿಂತಿದ್ದಾಳೆ, ಪಾಪದವಳು. ಕೂರಲಿಕ್ಕೂ ಯಾರೂ ಹೇಳಲಿಲ್ಲ.

ಮೂರು ತಿಂಡಿಯನ್ನೂ ನೋಡಿಕೊಂಡೆ. ಗುಹೆಯ ಅಣಬೆ — ಕಡ್ಡಿಗೆ ಚುಚ್ಚಿ ಸುಟ್ಟದ್ದು. ಬೆಂಕಿಹಾವಿನ ಬಾಲ — ಉದ್ದ, ಕೆಂಪು, ಸುರುಳಿ ಸುರುಳಿ. ಮಂಜಿನ ಅನ್ನ — ನೀಲಿ. ಅನ್ನ ನೀಲಿ ಆದರೆ ನಾವು ಚೆಲ್ಲುತ್ತೇವೆ. ಅಲ್ಲಿ ಅದೇ ದೊಡ್ಡ ಊಟ, ಪೂರ್ತಿ ಜೀವ ಬರುವುದು.

ನೋಡುತ್ತಿದ್ದ ಹಾಗೆ ಗುಹೆಯಿಂದ ಎಂತದೋ ಹಾರಿ ಬಂದು ಮುದುಕಿಯನ್ನು ಕೆಡವಿತು.

"ಅಯ್ಯೋ, ಸತ್ತಳಾ?"

"ಸತ್ರೆ ಎಂತ ಅಜ್ಜಿ? ಒಲೆಯ ಹತ್ರ ಪುನಃ ಏಳ್ತಾಳೆ. ನೋಡಿ."

ಎದ್ದಳು. ಉಟ್ಟ ಬಟ್ಟೆ ಕೂಡ ಕೊಳೆಯಾಗಿರಲಿಲ್ಲ. ಏಳುವುದೆಲ್ಲ ಮುದುಕಿಯರೇ.

ತಿರುಗಿದರೆ ಬಾಗಿಲಲ್ಲಿ ವೇದಾವತಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಜುಲೈ 6, ಆದಿತ್ಯವಾರ

ಗುಡ್ಡದಲ್ಲಿ ಕಲ್ಲಣಬೆ ಸಿಕ್ಕಿತು. ಮಣ್ಣಿನ ಗೋಲಿ ಹಾಗೆ, ಉರುಟು. ಮಣ್ಣು ಹೋಗುವಷ್ಟು ತಿಕ್ಕಿ ತೊಳೆಯುವಾಗ ಕೈಯ ಚರ್ಮ ಹೋಯಿತು. ಮೆಣಸು, ಕೊತ್ತಂಬರಿ, ಹುಳಿ ಅರೆದು ಹಚ್ಚಿ, ತೆಂಗಿನ ಗರಿಯ ಕಡ್ಡಿಗೆ ಚುಚ್ಚಿ ಕೆಂಡದಲ್ಲಿ ಸುಟ್ಟೆ. ಹೊರಗೆ ಕರಿ, ಒಳಗೆ ಬೆಣ್ಣೆ.

ವೇದಾವತಿ ಕೇಳದೆಯೇ ಒಂದು ಕಡ್ಡಿ ತೆಗೆದುಕೊಂಡಳು. "ಖಾರ ಸಾಲುದಿಲ್ಲ ಅತ್ತೆ. ಅವನಿಗೆ ಜಾಸ್ತಿ ಬೇಕಲ್ಲ."

ವರ್ಷದಲ್ಲಿ ಮೊದಲ ಸಲ ಅಡಿಗೆಗೆ ಹೆಸರಿಟ್ಟಳು. ಇನ್ನೆರಡು ಮೆಣಸು ತಾನೇ ಅರೆದಳು. ಇದು ಸತ್ತವನ ಎಲೆಗೆ ನಾನು ಕೈ ಪಳಗಿಸುವುದು ಎಂದು ಅವಳಿಗೆ ಗೊತ್ತಿಲ್ಲ. ಬರುವವನಿಗೆ ಎಂದು ತಿಳಿದಿದ್ದಾಳೆ. ನಾಲಗೆ ತುದಿಯವರೆಗೆ ಬಂತು. ನುಂಗಿದೆ.

ಜುಲೈ 24, ಗುರುವಾರ. ಆಟಿ ಅಮಾವಾಸ್ಯೆ

ಬೆಳಕು ಹರಿಯುವ ಮೊದಲು ಅಚ್ಚುತ ಹಾಲೆಮರದ ತೊಗಟೆ ತಂದ. ಈ ದಿನ ಕುಡಿಯಲೇಬೇಕಾದ ಕಷಾಯ ಮಾಡಿ ಎಲ್ಲರಿಗೂ ಕೊಟ್ಟೆ. ಈ ಮನೆಗೆ ಇನ್ನೂ ಕಹಿ ಬೇಕಿತ್ತು ನೋಡಿ.

ಮಧ್ಯಾಹ್ನ ಬಾಳೆಎಲೆ ಹಾಕಲು ಪ್ರೀತಿಕಾಳಿಗೆ ಹೇಳಿದೆ. ಅವಸರದಲ್ಲಿ ಒಂದನ್ನು ತಿರುಗಿಸಿ ಹಾಕಿದಳು. ಬದುಕಿರುವವರಿಗೆ ತುದಿ ಎಡಕ್ಕೆ, ಸತ್ತವರಿಗೆ ಬಲಕ್ಕೆ. ಸಣ್ಣ ಮಕ್ಕಳಿಗೂ ಗೊತ್ತಿರುವುದು. ಅದು ರಕ್ಷಿತ್ ಕೂರುತ್ತಿದ್ದ ಜಾಗ ಬೇರೆ.

ವೇದಾವತಿ ಕೂಗಿದ ಕೂಗಿಗೆ ನಾಯಿ ಎದ್ದು ಓಡಿತು. "ಯಾರು ಹೇಳಿದ್ದು ಹಾಗೆ ಹಾಕ್ಲಿಕ್ಕೆ? ಅಜ್ಜಿಯಾ?"

ಎಲೆ ತಿರುಗಿಸಿ, ಅಂಗೈಯಿಂದ ಒರೆಸಿ ಒರೆಸಿ... ಎಲೆ ಹರಿಯಿತು. ಮಗು ಉಣ್ಣಲಿಲ್ಲ. ಅಚ್ಚುತ ತಲೆ ತಗ್ಗಿಸಿ ಉಂಡು ಜೀಪು ಹತ್ತಿದ. ಗಂಡಸರಿಗೆ ಒಂದು ಜೀಪಾದರೂ ಉಂಟು.

ಜುಲೈ 30, ಬುಧವಾರ

ನೀಲಿ ಅನ್ನ ಕೆಟ್ಟಿತು. ಕುಚ್ಚಲಕ್ಕಿಗೆ ಬೇಲಿಯ ಶಂಖಪುಷ್ಪದ ನೀಲಿ ನೀರು ಹಾಕಿದೆ. ಬೂದಿ ಬಣ್ಣ ಬಂತು.

"ಆಟದಲ್ಲಿ ಅಡಿಗೆ ಕೆಟ್ರೆ ಕರಿ ಮುದ್ದೆ ಬರ್ತದೆ" ಅಂದಳು ಪ್ರೀತಿಕಾ. "ಅದು ಇದಕ್ಕಿಂತ ಚಂದ ಅಜ್ಜಿ."

"ನಿನ್ನ ಮದುವೆಗೆ ಇದನ್ನೇ ಬಡಿಸ್ತೇನೆ, ನೋಡ್ತಾ ಇರು."

ನಕ್ಕಳು. ನಕ್ಕು, ಅಮ್ಮ ಕೇಳಿದಳೋ ಎಂದು ಹೆದರಿ ಬಾಯಿ ಮುಚ್ಚಿಕೊಂಡಳು. ಹದಿನಾಲ್ಕರ ಹುಡುಗಿ ನಗಲು ಹೆದರುವ ಮನೆ.

ಸಂಜೆ ಬೆಳ್ಳಗಿನ ಬೆಳ್ತಿಗೆ ಅಕ್ಕಿಯಲ್ಲಿ ಪುನಃ ಮಾಡಿದೆ. ಹೂ ಜಾಸ್ತಿ. ಬಂತು! ಸಂಜೆ ಆಕಾಶದ ಬಣ್ಣ. ತುಪ್ಪ, ಕಾಯಿಹಾಲು, ಏಲಕ್ಕಿ. ಕೈಯೆಲ್ಲ ನೀಲಿ, ತಿಕ್ಕಿದರೂ ಹೋಗಲಿಲ್ಲ. ವೇದಾವತಿ ಮುಚ್ಚಿಡುವ ತಟ್ಟೆಗೆ ಅದನ್ನೇ ಬಡಿಸಿದಳು. ಉಂಡೆ ಕಟ್ಟಿ, ಚಂದ ಮಾಡಿ.

ಜುಲೈ 31

ಕೋಳಿಗಳು ನೀಲಿ ಅನ್ನ ತಿಂದವು.

ಆಗಸ್ಟ್ 3, ಆದಿತ್ಯವಾರ

ಅಚ್ಚುತ, ಜತ್ತಪ್ಪ ಸೇರಿ ದಿನ ಇಟ್ಟರು. ಬರುವ ಆದಿತ್ಯವಾರ. ನಾನೇ ವೇದಾವತಿಗೆ ಹೇಳಿದೆ. ಕೂಗುತ್ತಾಳೆ ಎಂದುಕೊಂಡಿದ್ದೆ.

"ಹಾಗಾದ್ರೆ ಈ ಅಣಬೆ, ಅನ್ನ ಎಲ್ಲ ಅದಕ್ಕಾ ಅತ್ತೆ?"

"ಹೌದು."

ಒಲೆಯ ಬೂದಿ ಕೆದಕಿದಳು. "ಇವರೂ ಹೂಂ ಅಂದ್ರಾ?"

"ಅಂದ."

"ನಿಮ್ಮ ಇಷ್ಟ."

ಒಪ್ಪಿದಳು. ಒಪ್ಪಬೇಕು ಎಂದೇ ಇಷ್ಟು ದಿನ ಕಾದದ್ದು. ಒಪ್ಪಿದ ಮೇಲೆ ಎದೆಯಲ್ಲಿ ಕಲ್ಲು ಯಾಕೆ ಕೂತಿತೋ.

ಆಗಸ್ಟ್ 10, ಆದಿತ್ಯವಾರ

ಬೆಳಿಗ್ಗೆ ಐದಕ್ಕೆ ಎದ್ದೆ. ಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಪತ್ರೊಡೆ ಸುತ್ತಿದೆ — ಸಪೂರ, ಮೊಳ ಉದ್ದ. ಹಬೆಯಲ್ಲಿ ಬೇಯಿಸಿ, ಕೆಂಪು ಮಸಾಲೆ ಹಚ್ಚಿ ಕಾವಲಿಯಲ್ಲಿ ಕಾಯಿಸಿದೆ. ಬೆಂಕಿಹಾವಿನ ಬಾಲ. ಪ್ರೀತಿಕಾ ಫೋಟೋ ತೆಗೆದಳು. "ಸೇಮ್ ಅಜ್ಜಿ, ಸೇಮ್!" ಅಂದವಳು ಅತ್ತಳು. ಕಲ್ಲಣಬೆಯ ಕಾಲ ಮುಗಿದಿತ್ತು, ಸುಳ್ಯ ಪೇಟೆಯ ಬಿಳಿ ಅಣಬೆ ಸುಟ್ಟೆ. ಸ್ವಲ್ಪ ಕ್ಷಮಿಸು ಮಗ.

ನೀಲಿ ಅನ್ನ ಕೊನೆಗೆ. ಚಟ್ಟಿಯಿಂದ ತೆಗೆದದ್ದು ಉದ್ದ ಕಡ್ಡಿಯ ಸೌಟಿನಲ್ಲಿ. ಈ ಸಲ ಕೈಗೆ ಬಣ್ಣ ಹಿಡಿಸಿಕೊಳ್ಳಲಿಲ್ಲ. ವೇದಾವತಿ ಅದನ್ನು ಮುಟ್ಟಲೂ ಇಲ್ಲ.

ಅಡಿಗೆಕೋಣೆಯಿಂದಲೂ ಬಾಗಿಲಿರುವ ಪಕ್ಕದ ಕೋಣೆಯಲ್ಲಿ ಎಲೆ ಹಾಕಿದೆ. ತುದಿ ಬಲಕ್ಕೆ. ಬಡಿಸಿದೆ. ಜತ್ತಪ್ಪ ಕರೆದ, ಅವನ ಕೀರಲು ಸ್ವರದಲ್ಲಿ: "ರಕ್ಷಿತಾ, ಎಲ್ಲಿದ್ರೂ ಬಾ ಮಗ, ಉಂಡು ಹೋಗು." ಬಾಗಿಲು ಹಾಕಿ ಜಗಲಿಯಲ್ಲಿ ಕೂತೆವು. ಯಾರೂ ಮಾತಾಡುವ ಹಾಗಿಲ್ಲ. ವೇದಾವತಿ ನಡುವಿನಲ್ಲಿ ಎದ್ದು ಅಡಿಗೆಕೋಣೆಗೆ ಹೋದಳು. ಹಾಲು ಉಕ್ಕುತ್ತದೆ ಎಂದು ಕೈಸನ್ನೆ. ಬಂದು ಕೂತಳು.

ಜತ್ತಪ್ಪ ಬಾಗಿಲು ತಟ್ಟಿ ತೆರೆದ. ತೆರೆದವನು ಒಳಗೆ ಕಾಲಿಡಲಿಲ್ಲ.

ಎಲೆ ತಿರುಗಿತ್ತು. ತುದಿ ಎಡಕ್ಕೆ.

"ಅತ್ತಿಗೆ, ನೀವು ಸರಿ ಹಾಕಿದ್ರಾ?"

"ಎಂಟು ಹೆಣಕ್ಕೆ ಎಲೆ ಹಾಕಿದ ಕೈ ಇದು" ಅಂದೆ.

"ಹಾಗಾದ್ರೆ..." ಜತ್ತಪ್ಪ ಅಚ್ಚುತನ ಕಡೆ ತಿರುಗಿದ. "ಹುಡುಗ ಈ ಎಲೆ ತೆಗೊಂಡಿಲ್ಲ. ಅಚ್ಚುತಾ, ಅವನು ಎಲ್ಲೋ ಇದ್ದಾನೆ ಮಾರಾಯ! ಬದುಕಿದ್ದಾನೆ!"

ಅಚ್ಚುತ ಹೊಸಿಲಲ್ಲಿ ಕೂತು ಎಲೆಯ ತುದಿ ನೋಡಿದ. ಆಮೇಲೆ ಎದ್ದು ಜೀಪಿನ ಕೀಲಿ ತೆಗೆದ. ಊಟ ಮಾಡಿ ಹೋಗು ಅಂದರೆ ಕೇಳಲಿಲ್ಲ. ಒಂದು ವರ್ಷದಿಂದ ಬಾಗಿದ್ದ ಬೆನ್ನು ನೆಟ್ಟಗಾಗಿತ್ತು. ಅದನ್ನು ನೋಡಲಿಕ್ಕೆ ಆಗಲಿಲ್ಲ ನನಗೆ.

ಯಾಕೆಂದರೆ ಅಷ್ಟರಲ್ಲಿ ವೇದಾವತಿಯ ಕೈ ಕಂಡಿದ್ದೆ. ಬೆರಳ ತುದಿ ನೀಲಿ.

ಆಗಸ್ಟ್ 11, ಸೋಮವಾರ

ಬಾವಿಕಟ್ಟೆಯಲ್ಲಿ ಇಬ್ಬರೇ ಇದ್ದೆವು.

"ಕೈ ತೊಳಿ" ಅಂದೆ.

"ಎಂತಕ್ಕೆ?"

"ನೀಲಿ ಉಂಟು."

ನೋಡಿಕೊಂಡಳು. ಸೆರಗಿಗೆ ಉಜ್ಜಿದಳು. "ಹೋಗುದಿಲ್ಲ ಅತ್ತೆ."

ಕೊಡ ತುಂಬಿತು. ಎತ್ತಲಿಲ್ಲ.

"ಇವರು ಹುಡುಕುದು ನಿಲ್ಲಿಸಿದ್ರು. ನೀವೂ ಎಲೆ ಹಾಕಿದ್ರಿ. ಎಲ್ರೂ ಬಿಟ್ರೆ ಅವನು ಯಾವ ಮನೆಗೆ ಬರುದು?"

ಊರಿನಲ್ಲಿ ನನ್ನ ನಾಲಗೆಗೆ ಹೆದರದವರಿಲ್ಲ. ಒಂದು ಮಾತು ಹೇಳಿದ್ದರೆ ಅಚ್ಚುತ ವಾಪಸು ಬರುತ್ತಿದ್ದ. ಹೇಳಿದರೆ ಇವಳು ಈ ಬಾವಿಯ ಕಡೆಗೇ ನೋಡುತ್ತಾಳೆ ಅನ್ನಿಸಿತು.

ಕೊಡ ನಾನೇ ಎತ್ತಿ ಕೊಟ್ಟೆ.

ಆಗಸ್ಟ್ 14

ಅಚ್ಚುತ ಫೋನ್ ಮಾಡಿದ. ಕಾಸರಗೋಡಿನಲ್ಲಿದ್ದಾನಂತೆ. ಆಸ್ಪತ್ರೆ, ಅನಾಥಾಶ್ರಮ, ದೋಣಿಯವರು... ಎಲ್ಲರಿಗೂ ಫೋಟೋ ತೋರಿಸುತ್ತಿದ್ದಾನಂತೆ. "ಅವ್ವ, ಒಬ್ಬ ಹುಡುಗನನ್ನು ಕಂಡ ಹಾಗೆ ಆಯ್ತು ಅಂತಾರೆ." ಸ್ವರದಲ್ಲಿ ಏನು ಬೆಳಕು! ನೆಟ್‌ವರ್ಕ್ ಹೋಯಿತು. ಹೋದದ್ದು ಒಳ್ಳೆಯದಾಯಿತು.

ಪ್ರೀತಿಕಾ ಟಿ.ವಿ.ಗೆ ಬಟ್ಟೆ ಹಾಕಿದ್ದಾಳೆ. ಯಾಕೆ ಅಂದರೆ, "ಅಣ್ಣ ಬಂದು ಆಡ್ಲಿ. ನಾನು ಆಡಿದ್ರೆ ಬೈತಾನೆ." ಆ ಮಗುವೂ ಈಗ.

ಹಸಿದಿದ್ದರೆ ಎಲ್ಲಿ ಹಸಿದಿದ್ದೀ ಮಗ. ನಿನ್ನ ಎಲೆ ನಿನಗೆ ಸಿಗಲಿಲ್ಲ. ಬರುವ ಆಟಿಗೆ ನಾನು ಇದ್ದರೆ ಹಾಕುತ್ತಿದ್ದೆ. ಈ ಮನೆಯವರು ಹಾಕಲಿಕ್ಕೆ ಬಿಡುವುದಿಲ್ಲ ಇನ್ನು.

ಆಗಸ್ಟ್ 17, ಆದಿತ್ಯವಾರ. ಸೋಣ ಸಂಕ್ರಮಣ

ಆಟಿ ಮುಗಿಯಿತು, ಸೋಣ ತಿಂಗಳು ಶುರು.

ಅಚ್ಚುತ ಬಂದ. ಕಂಡ ಹುಡುಗ ಬೇರೆ ಯಾರೋ. ಗಡ್ಡ ಬಿಟ್ಟಿದ್ದಾನೆ, ಕಣ್ಣು ಕೆಂಡ. ನಾಳೆ ಪುನಃ ಹೋಗುತ್ತಾನಂತೆ, ಕಣ್ಣೂರಿನ ಕಡೆಗೆ.

ವೇದಾವತಿ ಹೊಸಿಲು ತೊಳೆದು ಹೂ ಇಟ್ಟಳು. ಮುಖ ತೊಳೆದ ಹಾಗೆ ಇತ್ತು, ತುಂಬ ದಿನದ ಮೇಲೆ. ಒಲೆಯ ಹತ್ತಿರ ಬಂದು ನಿಂತಳು.

"ಅತ್ತೆ, ಇವತ್ತು ನೀಲಿ ಅನ್ನ ಮಾಡ್ತೀರಾ? ಇನ್ನು ದಿನಾ ಅದನ್ನೇ ಮುಚ್ಚಿಡುವ. ಬಂದವನಿಗೆ ಬೇರೆ ಎಂತ ಕೊಡುದು?"

ಕೋಳಿಗೆ ಎನ್ನಲು ಬಾಯಿ ತೆರೆದವಳು ಹೂಂ ಅಂದೆ.

ಬೇಲಿಯಲ್ಲಿ ಹೂ ಎಷ್ಟು ಉಳಿದಿದೆಯೋ. ನೋಡಬೇಕು. ಬುಟ್ಟಿ ಎಲ್ಲಿಟ್ಟೆನೋ.