ಸೂಜಿ ತೆಗೆಸಿದ ದಿನ

ಅಪ್ಪಾ,

ಗುರುಗುಂಟಾದಲ್ಲಿ ನೀನು ರೋಗಿಗಳನ್ನು ನೋಡುತ್ತಿದ್ದ ದವಾಖಾನೆಯ ಕಟ್ಟೆ ನೆನಪಾಗುತ್ತಿದೆ. ಬರೀ ನೆಗಡಿಯಾದವರೂ ಅಲ್ಲಿ ತೋಳು ಏರಿಸಿಕೊಂಡೇ ಕೂರುತ್ತಿದ್ದರು. ಗುಳಿಗೆ ಕೊಟ್ಟು ಕಳಿಸಿದರೆ ಮುನಿಸಿಕೊಂಡು, ಮರುದಿನ ಲಿಂಗಸುಗೂರಿಗೆ ಹೋಗಿ ಸೂಜಿ ಮಾಡಿಸಿಕೊಂಡು ಬರುತ್ತಿದ್ದರು. ಕಡೆಕಡೆಗೆ ನೀನೂ ಬೇಸತ್ತು, "ಇರಲಿ ಬಿಡವಾ, ಒಂದು ಸೂಜಿ ಮಾಡಿದ್ರ ನಮ್ಮ ಗಂಟೇನ್ ಹೋಗತೈತಿ?" ಅನ್ನುತ್ತಿದ್ದೆ. ಆಗ ನನಗೂ ಸರಿ ಅನ್ನಿಸುತ್ತಿತ್ತು. ಈಗ...

ಈ ವಾರ ಸಿಂಧನೂರಿನಲ್ಲಿ, ನಾನು ನೋಡಿಕೊಳ್ಳುವ ನವಜಾತ ಶಿಶುಗಳ ಐಸಿಯುಗೆ ಬಳಗಾನೂರಿನ ಶರಣಮ್ಮನ ಮೊಮ್ಮಗಳು ಬಂದಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಉಸಿರು ಜೋರಾಗಿತ್ತು. ಸೋಂಕಿರಬಹುದೆಂದು ರಕ್ತವನ್ನು ಪರೀಕ್ಷೆಗೆ ಕಳಿಸಿ ಆ್ಯಂಟಿಬಯೋಟಿಕ್ ಶುರು ಮಾಡಿದೆ. ನಿನ್ನೆ, ರಕ್ತದಲ್ಲಿ ಸೋಂಕಿಲ್ಲ ಎಂದರು ಲ್ಯಾಬಿನವರು. ಉಸಿರೂ ತಹಬಂದಿಗೆ ಬಂದಿತ್ತು. ಇಂಥ ಕೂಸಿಗೆ 'ಇರಲಿ ಬಿಡು' ಅಂತ ಔಷಧ ಮುಂದುವರಿಸಬಾರದೆಂದು ಈಗ ನಮ್ಮಲ್ಲಿ ಕಟ್ಟುನಿಟ್ಟು. ನಿಲ್ಲಿಸಿದೆ. ಔಷಧ ಏರಿಸಲು ಆ ಪುಟ್ಟ ಕೈಗೆ ಹಾಕಿದ್ದ ಸೂಜಿಯನ್ನೂ ತೆಗೆಸಿದೆ.

ಸೂಜಿ ತೆಗೆಸಿದ್ದೇ ತಪ್ಪಾಯಿತು ನೋಡು. ನಮ್ಮ ಕಡೆ ಸೂಜಿ ನಿಂತಿತೆಂದರೆ ಡಾಕ್ಟರು ಕೈಚೆಲ್ಲಿದರು ಅಂತಲೇ ಅಲ್ಲವೇ? ಕೂಸು ಉಳಿಯುವುದಿಲ್ಲವೆಂದು ಶರಣಮ್ಮ ಊರಿಗೆ ಫೋನ್ ಮಾಡಿಬಿಟ್ಟಿದ್ದಳು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಒಂದು ಟಂಟಂ ಗಾಡಿ ತುಂಬ ಬೀಗರು ಬಿಜ್ಜರು ಬಂದಿಳಿದು, ಕೂಸಿನ ಮುಖ ನೋಡಬೇಕೆಂದು ಬಾಗಿಲಲ್ಲಿ ನಿಂತಿದ್ದರು. ಒಬ್ಬರ ಕೈಯಲ್ಲಿ ವಿಭೂತಿ. ಮನೆಗೇ ಒಯ್ಯುತ್ತೇವೆ ಅಂತ ಹಟ. ಇಷ್ಟು ಎಳೆಯ ಕೂಸನ್ನು ಬೆಚ್ಚನೆಯ ಹಾಸಿಗೆಯಿಂದ ಎತ್ತಿ ಟಂಟಂನಲ್ಲಿ ಒಯ್ದರೆ ಉಳಿಯುತ್ತಿತ್ತೇ?

"ಖರೇ ಹೇಳ್ರೀ ಯವ್ವಾ," ಅಂದಳು ಶರಣಮ್ಮ, "ಕೈ ಬಿಟ್ಟೀರಿಲ್ಲೋ?"

ಆ ಕ್ಷಣ ನನ್ನ ಕೈ ಸಿರಿಂಜಿನ ಕಡೆಗೇ ಹೋಯಿತಪ್ಪಾ. ಬರೀ ನೀರು ತುಂಬಿ ಚುಚ್ಚಿ ಸಮಾಧಾನ ಮಾಡಿಬಿಡಲೇ? ನೀನಾಗಿದ್ದರೆ... ಕಡೆಗೆ ಕೂಸನ್ನು ತಾಯಿಯ ಎದೆಗೆ ಹಚ್ಚಿ, ಶರಣಮ್ಮನನ್ನು ಪಕ್ಕದಲ್ಲೇ ಕೂರಿಸಿದೆ. ಕೂಸು ಹಾಲು ಎಳೆಯತೊಡಗಿತು. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. "ಸಾಯೋ ಕೂಸು ಹಿಂಗ ಕುಡಿಯಂಗಿಲ್ಲ" ಅಂದವಳೇ ಎದ್ದು ಹೋಗಿ, ತಾನೇ ಕರೆಸಿದ್ದನ್ನು ಮರೆತು, ಬಂದವರನ್ನೆಲ್ಲ ಬೈದು ವಾಪಸ್ ಕಳಿಸಿದಳು.

ಅವಳಿಗೆ ಧೈರ್ಯ ಬಂತು, ನನ್ನದು ಹೋಯಿತು. ಬೆಳಿಗ್ಗೆಯಿಂದ ಎಷ್ಟು ಸಲ ಆ ಕೂಸಿನ ಮೈ ಮುಟ್ಟಿ ನೋಡಿದ್ದೇನೋ! ಚೆನ್ನಾಗಿದ್ದಾಳೆ. ಆದರೂ ನಾಳೆ ಜ್ವರ ಬಂದರೆ? ಇಷ್ಟು ದಿನ ನಾವು ಸೂಜಿ ಮಾಡುತ್ತಿದ್ದುದು ರೋಗಕ್ಕೋ, ನಮ್ಮ ಅಂಜಿಕೆಗೋ? ನನಗೊಂದೂ ತಿಳಿಯುತ್ತಿಲ್ಲ.

ಕಡೆಯ ಸಲ ಜಡ್ಡು ಬಿದ್ದು ಮಲಗಿದಾಗ ನೀನು ಕೇಳಿದ್ದೆ, "ಔಷಧ ಯಾಕ ನಾಟವಲ್ದವಾ?" ಆಗ ನನಗೂ ಗೊತ್ತಿರಲಿಲ್ಲ. ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಲ್ಯಾಬಿನಿಂದ ಫೋನ್ ಬಂತು. ನಿನ್ನ ರಕ್ತದಲ್ಲಿದ್ದ ಸೋಂಕು ನಾವು ಕೊಟ್ಟ ಯಾವ ಔಷಧಕ್ಕೂ ಬಗ್ಗುವಂಥದ್ದಾಗಿರಲಿಲ್ಲ. ಬೇಕಿಲ್ಲದಾಗಲೂ ಆ್ಯಂಟಿಬಯೋಟಿಕ್ ಕೊಟ್ಟು ಕೊಟ್ಟು ಸೋಂಕುಗಳು ಹೀಗೆ ಮೊಂಡಾಗುತ್ತವೆ. ನೀನು ಕೊಟ್ಟದ್ದರಿಂದಲೋ, ನಾನು ಕೊಟ್ಟದ್ದರಿಂದಲೋ, ಊರವರೆಲ್ಲ ಕೇಳಿ ಪಡೆದದ್ದರಿಂದಲೋ, ಯಾರು ಹೇಳಬೇಕು? ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ.

ಶರಣಮ್ಮನ ಮೊಮ್ಮಗಳು ಮುಂದೆಂದಾದರೂ ಖರೇನೇ ಜಡ್ಡು ಬಿದ್ದರೆ, ಅವಳಿಗೆ ಔಷಧ ನಾಟಬೇಕು ಅಪ್ಪಾ. ಅದಕ್ಕೇ ನಿನ್ನೆ ಸೂಜಿ ತೆಗೆಸಿದೆ.

ನಿನ್ನ
ಗಿರಿಜಾ